ಹೀಥ್ರೂದಿಂದ ಮನೆ ಬಾಗಿಲಿಗೆ: ಟ್ಯೂಬ್, ಎಲಿಜಬೆತ್ ಲೈನ್, ಎಕ್ಸ್‌ಪ್ರೆಸ್, ಬಸ್, ಟ್ಯಾಕ್ಸಿ – ಯಾವುದು ಯಾರಿಗೆ?

ಅಪ್ಪ ಅಮ್ಮ ಮೊದಲ ಸಲ ಲಂಡನ್‌ಗೆ ಬಂದದ್ದು 2019ರಲ್ಲಿ. ಕರೆತರಲು ನಾನೇ ಹೀಥ್ರೂಗೆ ಹೋಗಿದ್ದೆ. ನಾಲ್ಕು ಸೂಟ್‌ಕೇಸು, ಒಂದು ಕೈಚೀಲ, ಅದರೊಳಗೆ ಹಪ್ಪಳದ ಡಬ್ಬ. ಹೊರಗೆ ಬರುತ್ತಿದ್ದ ಹಾಗೇ ಎಕ್ಸ್‌ಪ್ರೆಸ್ ರೈಲಿನ ಬೋರ್ಡು ಅಮ್ಮನ ಕಣ್ಣಿಗೆ ಬಿತ್ತು. "ಹದಿನೈದೇ ನಿಮಿಷವಂತೆ ಕಣೋ, ಅದರಲ್ಲೇ ಹೋಗೋಣ" ಅಂದರು. ಹತ್ತು ಗಂಟೆ ವಿಮಾನದಲ್ಲಿ ಕೂತು ಬಂದವರು, ನನಗೂ ಬೇಡ ಅನ್ನಲು ಮನಸ್ಸಾಗಲಿಲ್ಲ. ಟಿಕೆಟ್ ತೆಗೆದೆ. ಹದಿನೈದು ನಿಮಿಷಕ್ಕೆ ಸರಿಯಾಗಿ ಊರ ನಡುವಿನ ಪ್ಯಾಡಿಂಗ್ಟನ್ ನಿಲ್ದಾಣ ಬಂತು. ಇಳಿದ ಮೇಲೆ ಅಪ್ಪ ಸುತ್ತ ನೋಡಿ ಕೇಳಿದರು: "ಇಲ್ಲೇನಾ ನಿನ್ನ ಮನೆ?"

ನನ್ನ ಮನೆ ಆಗ ಇದ್ದದ್ದು ಈಸ್ಟ್ ಹ್ಯಾಮ್‌ನಲ್ಲಿ, ಊರಿನ ಇನ್ನೊಂದು ತುದಿ. ಅಲ್ಲಿಂದ ಮುಂದೆ ಆ ನಾಲ್ಕು ಸೂಟ್‌ಕೇಸು ಎಳೆದುಕೊಂಡು ಇನ್ನೊಂದು ರೈಲು ಹಿಡಿದು ಮನೆ ಸೇರುವಾಗ ಒಂದು ಗಂಟೆಯ ಮೇಲಾಗಿತ್ತು. ಅಪ್ಪ ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿ.

ಆಮೇಲೆ ಊರಿಂದ ಬರುವ ನೆಂಟರು, ಓದಲು ಬರುವ ಹುಡುಗ ಹುಡುಗಿಯರು, ಸ್ನೇಹಿತರ ಅಪ್ಪ ಅಮ್ಮ ಅಂತ ಸುಮಾರು ಜನರಿಗೆ ಹೀಥ್ರೂ ದಾರಿ ಹೇಳಿದ್ದೇನೆ. ಎಲ್ಲರೂ ಮೊದಲು ಕೇಳುವುದು "ಯಾವುದು ಬೇಗ ಹೋಗುತ್ತೆ?" ಅಥವಾ "ಯಾವುದು ಅಗ್ಗ?" ಅಂತ. ನಾನು ತಿರುಗಿ ಕೇಳುವುದು ಎರಡೇ: ಕೊನೆಗೆ ಇಳಿಯಬೇಕಾದ್ದು ಎಲ್ಲಿ? ಸೂಟ್‌ಕೇಸು ಎಷ್ಟು? ಇವೆರಡಕ್ಕೆ ಉತ್ತರ ಸಿಕ್ಕರೆ ಯಾವ ರೈಲು ಅನ್ನುವುದು ತಾನಾಗೇ ಗೊತ್ತಾಗುತ್ತೆ.

ಮುಂದೆ ಹೇಳುವ ದರಗಳೆಲ್ಲ 2025ರವು. ಇಲ್ಲಿ ಪ್ರತಿ ವರ್ಷ ಮಾರ್ಚ್ ಹೊತ್ತಿಗೆ ದರ ಏರುವುದು ವಾಡಿಕೆ. ಹಾಗಾಗಿ ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ನೋಡಿ, ಪೆನ್ನಿ ಲೆಕ್ಕ ಬೇಡ.

ಮೊದಲು ಏರ್‌ಪೋರ್ಟ್ ಒಳಗೆ

ಹೀಥ್ರೂದಲ್ಲಿ ಈಗ ನಾಲ್ಕು ಟರ್ಮಿನಲ್ ಇವೆ: 2, 3, 4, 5. ಒಂದನೆಯದನ್ನು ಹುಡುಕಬೇಡಿ, ಅದು 2015ರಲ್ಲೇ ಮುಚ್ಚಿತು. 2 ಮತ್ತು 3 ಅಕ್ಕಪಕ್ಕ, ನೆಲದಡಿಯ ದಾರಿಯಲ್ಲಿ ನಡೆದು ಹೋಗಬಹುದು. 4 ಮತ್ತು 5 ಬೇರೆ ಬೇರೆ ದಿಕ್ಕಿಗೆ, ದೂರ. ನಡೆದು ಹೋಗುವ ಮಾತೇ ಇಲ್ಲ. ಟರ್ಮಿನಲ್‌ನಿಂದ ಟರ್ಮಿನಲ್‌ಗೆ ರೈಲಿನಲ್ಲಿ ಹೋದರೆ ದುಡ್ಡಿಲ್ಲ. ಆದರೆ ಮೆಷಿನ್‌ನಲ್ಲಿ ಸಿಗುವ ಉಚಿತ ಟಿಕೆಟ್ ತಗೊಳ್ಳಬೇಕು, ಇಲ್ಲವೇ ಕಾರ್ಡ್ ಟ್ಯಾಪ್ ಮಾಡಿ ಒಳಗೆ ಹೋಗಿ ಹೊರಬರುವಾಗಲೂ ಟ್ಯಾಪ್ ಮಾಡಬೇಕು.

ಬೆಂಗಳೂರಿನಿಂದ ನೇರ ಬರುವವರಲ್ಲಿ ಬ್ರಿಟಿಷ್ ಏರ್‌ವೇಸ್‌ನವರು ಸಾಮಾನ್ಯವಾಗಿ 5ರಲ್ಲಿ ಇಳಿಯುತ್ತಾರೆ, ವರ್ಜಿನ್ ಅಟ್ಲಾಂಟಿಕ್‌ನವರು 3ರಲ್ಲಿ. ದುಬೈ, ದೋಹಾ ಕಡೆಯಿಂದ ಬರುವವರು ಟಿಕೆಟ್ ನೋಡಿಕೊಳ್ಳಿ. ಯಾವ ಟರ್ಮಿನಲ್ ಅನ್ನುವುದು ಮುಂದಿನ ರೈಲಿನ ಲೆಕ್ಕಕ್ಕೆ ಬೇಕಾಗುತ್ತೆ.

ವಿಮಾನ ಇಳಿದ ಮೇಲೆ ನಡಿಗೆ ಜಾಸ್ತಿ. ಟರ್ಮಿನಲ್ 5ರಲ್ಲಿ ಬಿ ಅಥವಾ ಸಿ ಗೇಟಿಗೆ ವಿಮಾನ ಬಂದರೆ ನೆಲದಡಿಯ ಪುಟ್ಟ ರೈಲು ಹತ್ತಿ ಮುಖ್ಯ ಕಟ್ಟಡಕ್ಕೆ ಬರಬೇಕು. ಟರ್ಮಿನಲ್ 2ರಲ್ಲೂ ಬಿ ಕಡೆಯ ಗೇಟುಗಳಿಂದ ಉದ್ದದ ಸುರಂಗ ದಾರಿ ಇದೆ. ಮಂಡಿನೋವಿನ ಹಿರಿಯರಿದ್ದರೆ ಟಿಕೆಟ್ ಬುಕ್ ಮಾಡುವಾಗಲೇ ಏರ್‌ಲೈನ್‌ಗೆ ಹೇಳಿ ವೀಲ್‌ಚೇರ್ ಕೇಳಿ. ಕಡೇ ಪಕ್ಷ 48 ಗಂಟೆ ಮೊದಲು ಹೇಳಿರಬೇಕು. ಇದಕ್ಕೆ ದುಡ್ಡಿಲ್ಲ. ನಮ್ಮವರಲ್ಲಿ ಎಷ್ಟೋ ಜನ ಕಾಲು ಗಟ್ಟಿಯಿದ್ದರೂ ಇಂಗ್ಲಿಷ್ ಬಾರದ ಭಯಕ್ಕೆ ವೀಲ್‌ಚೇರ್ ಹಾಕಿಸುತ್ತಾರೆ. ನಿಜವಾಗಿ ಬೇಕಾದವರು ಕಾಯುವ ಹಾಗೆ ಆಗುತ್ತೆ ಅನ್ನುವುದು ನನ್ನ ತಕರಾರು. ಹಾಗಂತ ನನ್ನ ದೊಡ್ಡಮ್ಮನಿಗೂ ನಾನೇ ಹಾಕಿಸಿದ್ದೆ ಅನ್ನಿ.

ಇಮಿಗ್ರೇಷನ್‌ನಲ್ಲಿ ಪಾಸ್‌ಪೋರ್ಟ್ ಇಟ್ಟ ಕೂಡಲೇ ತೆರೆದುಕೊಳ್ಳುವ ಇ-ಗೇಟ್‌ಗಳನ್ನು ನೋಡಿ ಆಸೆಪಡಬೇಡಿ. ಬ್ರಿಟನ್, ಯುರೋಪ್, ಅಮೆರಿಕ, ಜಪಾನ್, ಸಿಂಗಪುರ ಮುಂತಾದ ಕೆಲವು ದೇಶದವರಿಗೆ ಮಾತ್ರ ಅವು. ಭಾರತದ ಪಾಸ್‌ಪೋರ್ಟ್ ಇದ್ದವರು ಅಧಿಕಾರಿ ಕೂತ ಕೌಂಟರಿನ ಸಾಲಿಗೇ ಹೋಗಬೇಕು. ಬೆರಳಚ್ಚು ನೋಡುತ್ತಾರೆ. ಯಾಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ, ಯಾವಾಗ ವಾಪಸ್ ಅಂತ ಕೇಳುತ್ತಾರೆ. ಮಗನ ಮನೆ ವಿಳಾಸ ಮತ್ತು ವಾಪಸ್ ಟಿಕೆಟ್ ಕಾಗದದಲ್ಲಿ ಬರೆದು ಕೈಚೀಲದಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸಿನಲ್ಲಿ ಅಲ್ಲ. ಮುಂಚೆ ವಿಮಾನದಲ್ಲೇ ಒಂದು ಚೀಟಿ ತುಂಬಿಸುತ್ತಿದ್ದರು, 2019ರಲ್ಲಿ ಅದನ್ನು ತೆಗೆದುಹಾಕಿದರು. ಈಗಲೂ ಕೆಲವರು "ಫಾರಂ ಎಲ್ಲಿ?" ಅಂತ ಹುಡುಕುವುದುಂಟು.

ಇನ್ನು ಕಸ್ಟಮ್ಸ್. ಭಾರತದಿಂದ ಮಾಂಸ, ಹಾಲು, ಹಾಲಿನ ಪದಾರ್ಥ ತರುವ ಹಾಗಿಲ್ಲ. ಅಂದರೆ ಊರಿನ ತುಪ್ಪವೂ ಇಲ್ಲ, ಧಾರವಾಡ ಪೇಡವೂ ಇಲ್ಲ. ಎಷ್ಟು ಅಮ್ಮಂದಿರ ಮನಸ್ಸು ಮುರಿದಿದೆಯೋ ಈ ನಿಯಮ! ಚಟ್ನಿಪುಡಿ, ಸಾರಿನ ಪುಡಿಗೆ ತೊಂದರೆಯಿಲ್ಲ.

ಕಾರ್ಡ್ ವಿಷಯ ವಿಮಾನ ಹತ್ತುವ ಮೊದಲೇ ನೋಡಿಕೊಳ್ಳಿ

ಟ್ಯೂಬ್ (ಲಂಡನ್ನಿನ ಮೆಟ್ರೋ), ಎಲಿಜಬೆತ್ ಲೈನ್ (ಊರನ್ನು ಅಡ್ಡ ಹಾಯುವ ಹೊಸ ರೈಲು), ಬಸ್ ಮೂರಕ್ಕೂ ಟಿಕೆಟ್ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನೇ ಹಳದಿ ಬಣ್ಣದ ರೀಡರ್ ಮೇಲೆ ಮುಟ್ಟಿಸಿದರೆ ಸಾಕು. ವೀಸಾ, ಮಾಸ್ಟರ್‌ಕಾರ್ಡ್ ನಡೆಯುತ್ತೆ. ಆದರೆ ನಮ್ಮ ಬ್ಯಾಂಕ್‌ಗಳ ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನೂ ಕಾಂಟ್ಯಾಕ್ಟ್‌ಲೆಸ್ ಅನ್ನೂ ನಾವೇ ಆ್ಯಪ್‌ನಲ್ಲಿ ಆನ್ ಮಾಡಬೇಕು. ಇದನ್ನು ಮರೆತು ಬಂದು ಗೇಟಿನ ಮುಂದೆ ಕಾರ್ಡ್ ಉಜ್ಜಿ ಉಜ್ಜಿ ಸುಸ್ತಾದವರನ್ನು ನೋಡಿದ್ದೇನೆ. ವಿಮಾನ ನಿಲ್ದಾಣದಲ್ಲಿ ಉಚಿತ ವೈಫೈ ಇದೆ. ಆದರೆ ಬ್ಯಾಂಕಿನ ಓಟಿಪಿ ಬರಬೇಕಾದ ಸಿಮ್ ರೋಮಿಂಗ್‌ನಲ್ಲಿ ಇಲ್ಲದಿದ್ದರೆ ಏನು ಮಾಡುತ್ತೀರಿ?

ಒಬ್ಬರಿಗೆ ಒಂದು ಕಾರ್ಡ್. ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡ್ ಮುಟ್ಟಿಸಿ ಒಳಗೆ ಹೋಗಲು ಆಗುವುದಿಲ್ಲ. ಒಂದೇ ಕಾರ್ಡ್ ಇದ್ದರೆ ಇನ್ನೊಬ್ಬರಿಗೆ ನಿಲ್ದಾಣದ ಮೆಷಿನ್‌ನಲ್ಲಿ ಆಯ್ಸ್ಟರ್ ಕಾರ್ಡ್, ಅಂದರೆ ಮೊದಲೇ ದುಡ್ಡು ತುಂಬಿ ಬಳಸುವ ಪ್ರಯಾಣದ ಕಾರ್ಡ್ ತೆಗೆಯಿರಿ. ಕಾರ್ಡಿಗೆ ಕೊಡುವ ದುಡ್ಡು ವಾಪಸ್ ಬರುವುದಿಲ್ಲ, ಅದೊಂದು ಬೇಜಾರು. 11 ವರ್ಷದ ಒಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬ್ ಮತ್ತು ಎಲಿಜಬೆತ್ ಲೈನ್ ಪೂರ್ತಿ ಉಚಿತ. ಹೋಗುವಾಗ ಮುಟ್ಟಿಸಿದ ಕಾರ್ಡನ್ನೇ ಬರುವಾಗಲೂ ಮುಟ್ಟಿಸಿ. ಹೋಗುವಾಗ ಫೋನು, ಬರುವಾಗ ಕಾರ್ಡು ಅಂತ ಮಾಡಿದರೆ ಎರಡು ಬೇರೆ ಪ್ರಯಾಣ ಅಂತ ತಿಳಿದು ಜಾಸ್ತಿ ಕತ್ತರಿಸುತ್ತಾರೆ.

ಪಿಕಡಿಲಿ ಲೈನ್: ಬಡವರ ಬಂಧು, ಸೂಟ್‌ಕೇಸಿನ ಶತ್ರು

ಕಡುನೀಲಿ ಬಣ್ಣದ ಟ್ಯೂಬ್ ಇದು. ಹೀಥ್ರೂಗೆ ಬಂದದ್ದು 1977ರಲ್ಲಿ. ಊರ ಮಧ್ಯಕ್ಕೆ 5.80 ಪೌಂಡ್. ಮುಂಚೆ ಜನಸಂದಣಿ ಇಲ್ಲದ ಹೊತ್ತಿಗೆ ಕಡಿಮೆ ದರ ಇತ್ತು. 2022ರಿಂದ ಏರ್‌ಪೋರ್ಟ್ ಮತ್ತು ಊರ ಮಧ್ಯದ ನಡುವೆ ಯಾವ ಹೊತ್ತಿಗೆ ಹೋದರೂ ಪೂರ್ತಿ ದರವೇ. ಆದರೂ ರೈಲುಗಳಲ್ಲಿ ಇದೇ ಅಗ್ಗ. ನಡುಪೇಟೆಗೆ ಸುಮಾರು 50 ನಿಮಿಷ, ಕಿಂಗ್ಸ್ ಕ್ರಾಸ್‌ಗೆ ಒಂದು ಗಂಟೆ ಅಂತಿಟ್ಟುಕೊಳ್ಳಿ.

ಒಳ್ಳೆಯದೇನೆಂದರೆ ರೈಲು ಹೊರಡುವುದೇ ಇಲ್ಲಿಂದ. ಹಾಗಾಗಿ ಸೀಟು ಸಿಗುತ್ತೆ. ಆಮೇಲೆ ಆಫೀಸಿಗೆ ಹೋಗುವವರು ಹತ್ತಿ ತುಂಬಿದರೂ ನೀವು ಕೂತಿರುತ್ತೀರಿ. ಮೊದಲ ಕೆಲವು ಮೈಲಿ ನೆಲದ ಮೇಲೇ ಓಡುವುದರಿಂದ ಮನೆಗಳ ಹಿತ್ತಲು, ಒಣಹಾಕಿದ ಬಟ್ಟೆ, ಚಿಮಣಿ ಎಲ್ಲ ಕಾಣುತ್ತೆ. ಲಂಡನ್‌ನ ಮೊದಲ ನೋಟ ಹೀಗೇ ಆಗಬೇಕು ಅನ್ನುವವನು ನಾನು.

ಕೆಟ್ಟದ್ದು? ಹಳೆಯ ರೈಲುಗಳಲ್ಲಿ ಏಸಿ ಇಲ್ಲ. ಸುರಂಗಕ್ಕೆ ತಕ್ಕ ಹಾಗೆ ಡಬ್ಬಿ ಚಿಕ್ಕದು, ಬಾಗಿಲ ಬಳಿ ತಲೆ ಬಗ್ಗಿಸಿ ನಿಲ್ಲಬೇಕು. ಲಗೇಜಿಗೆ ಬೇರೆ ಜಾಗ ಇಲ್ಲ, ಮಂಡಿಯ ನಡುವೆ ಹಿಡಿದು ಕೂರಬೇಕು. ಇದೆಲ್ಲ ಸಹಿಸಬಹುದು. ನಿಜವಾದ ಪರೀಕ್ಷೆ ಇಳಿಯುವಾಗ.

ನಾನು ಓದಲು ಬಂದ ದಿನ 23 ಕೆಜಿಯ ಎರಡು ಸೂಟ್‌ಕೇಸು ಹಿಡಿದು ಇಳಿದ ನಿಲ್ದಾಣದಲ್ಲಿ ಲಿಫ್ಟ್ ಇತ್ತು, ನಕ್ಷೆಯಲ್ಲಿ ನೋಡಿಕೊಂಡೇ ಬಂದಿದ್ದೆ. ಲಿಫ್ಟ್‌ವರೆಗೆ ಹೋಗಲು ಮೆಟ್ಟಿಲು ಹತ್ತಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ಒಂದು ಸೂಟ್‌ಕೇಸು ಮೇಲಿಟ್ಟು, ಓಡಿ ಬಂದು ಇನ್ನೊಂದು ಹೊತ್ತು, ಮತ್ತೆ ಮೇಲೆ. ಯಾರೋ ಒಬ್ಬ ಅಜ್ಜ ಮಾತಾಡದೆ ಬಂದು ಒಂದರ ಹಿಡಿ ಹಿಡಿದು ಹತ್ತಿಸಿ, ಮಾತಾಡದೆ ಹೋದರು.

ಟ್ಯೂಬ್ ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತು ಇದ್ದರೆ ಮಾತ್ರ ಮೆಟ್ಟಿಲಿಲ್ಲದ ನಿಲ್ದಾಣ ಅಂತ ಅರ್ಥ. ಪಿಕಡಿಲಿ ಲೈನಿನಲ್ಲಿ ಹ್ಯಾಮರ್‌ಸ್ಮಿತ್, ಅರ್ಲ್ಸ್ ಕೋರ್ಟ್, ಗ್ರೀನ್ ಪಾರ್ಕ್, ಕಿಂಗ್ಸ್ ಕ್ರಾಸ್ ಅಂಥವು. ರಸೆಲ್ ಸ್ಕ್ವೇರ್, ಕವೆಂಟ್ ಗಾರ್ಡನ್‌ನಲ್ಲಿ ಲಿಫ್ಟ್ ಇದ್ದರೂ ಮೆಟ್ಟಿಲು ತಪ್ಪುವುದಿಲ್ಲ. ವಿದ್ಯಾರ್ಥಿಗಳು ತುಂಬ ಜನ ಉಳಿಯುವುದು ರಸೆಲ್ ಸ್ಕ್ವೇರ್ ಸುತ್ತಮುತ್ತ. ಅವರಿಗೆ ನಾನು ಹೇಳುವುದು: ಅಲ್ಲಿ ಇಳಿಯಬೇಡಿ, ಮುಂದಿನ ನಿಲ್ದಾಣ ಕಿಂಗ್ಸ್ ಕ್ರಾಸ್‌ಗೆ ಹೋಗಿ ಲಿಫ್ಟಿನಲ್ಲಿ ಮೇಲೆ ಬಂದು, ಅಲ್ಲಿಂದ ಟ್ಯಾಕ್ಸಿಯಲ್ಲಿ ಹಿಂದಕ್ಕೆ ಬನ್ನಿ. ಸ್ವಲ್ಪ ಖರ್ಚು, ಬೆನ್ನು ಉಳಿಯುತ್ತೆ.

ಟರ್ಮಿನಲ್ 4ರಲ್ಲಿ ಇಳಿದವರಿಗೆ ಒಂದು ಮಾತು. ಅಲ್ಲಿ ಈ ರೈಲು ಸುತ್ತು ಹಾಕಿ ಹೋಗುತ್ತೆ, ಕೆಲವೊಮ್ಮೆ ಸುಮ್ನೆ ನಿಂತುಬಿಡುತ್ತೆ. ಕೆಟ್ಟಿದೆ ಅಂತ ಇಳಿದುಬಿಡಬೇಡಿ.

ಎಲಿಜಬೆತ್ ಲೈನ್: ಈಗ ನಾನು ಬಹಳ ಜನರಿಗೆ ಹೇಳುವುದು ಇದನ್ನೇ

ನಡು ಲಂಡನ್ನಿನ ಸುರಂಗದಲ್ಲಿ ಇದು ಶುರುವಾದದ್ದು 2022ರ ಮೇ 24ಕ್ಕೆ. ಅದೇ ನವೆಂಬರ್‌ನಿಂದ ಹೀಥ್ರೂದಲ್ಲಿ ಹತ್ತಿದರೆ ರೈಲು ಬದಲಿಸದೆ ಊರ ನಡುವಿಗೆ, ಪೂರ್ವಕ್ಕೆ ಹೋಗುವ ಹಾಗಾಯಿತು. ಅಪ್ಪ ಅಮ್ಮ ಮೂರು ವರ್ಷ ತಡವಾಗಿ ಬಂದಿದ್ದರೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲವೇನೋ.

ದರ 13.90 ಪೌಂಡ್, ಟ್ಯೂಬಿನ ಎರಡೂಕಾಲು ಪಟ್ಟಿಗಿಂತ ಜಾಸ್ತಿ. ಅದಕ್ಕೆ ಸಿಗುವುದೇನು? ಟರ್ಮಿನಲ್ 2 ಮತ್ತು 3ರ ನಿಲ್ದಾಣದಿಂದ ಪ್ಯಾಡಿಂಗ್ಟನ್‌ಗೆ ಅರ್ಧ ಗಂಟೆ ಹತ್ತಿರ. ಟಾಟನ್‌ಹ್ಯಾಮ್ ಕೋರ್ಟ್ ರೋಡ್, ಲಿವರ್‌ಪೂಲ್ ಸ್ಟ್ರೀಟ್, ಕೆನರಿ ವಾರ್ಫ್‌ವರೆಗೂ ಮುಕ್ಕಾಲು ಗಂಟೆಯ ಆಚೀಚೆ ಮುಗಿಯುತ್ತೆ. ಏಸಿ ಇದೆ. ರೈಲು 200 ಮೀಟರಿಗೂ ಉದ್ದ, ಒಳಗೆ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಎಲ್ಲಕ್ಕಿಂತ ದೊಡ್ಡದು, ಈ ಲೈನಿನ ಎಲ್ಲ ನಿಲ್ದಾಣಗಳಲ್ಲೂ ಮೆಟ್ಟಿಲಿಲ್ಲದೆ ರಸ್ತೆಗೆ ಬರಬಹುದು. ಹಿರಿಯರು, ಕೈಗೂಸು, ತಳ್ಳುಗಾಡಿ, ನಾಲ್ಕು ಸೂಟ್‌ಕೇಸು ಇದ್ದವರು ಬೇರೆ ಯೋಚನೆ ಮಾಡುವುದೇ ಬೇಡ.

ಎಂಟು ಪೌಂಡ್ ಜಾಸ್ತಿ ಕೊಡುವುದಕ್ಕೆ ನಮ್ಮ ಜನಕ್ಕೆ ಹೊಟ್ಟೆ ಉರಿಯುತ್ತೆ, ನನಗೂ ಉರಿಯುತ್ತಿತ್ತು. ಪೌಂಡಿಗೆ ನೂರು ರೂಪಾಯಿಯ ಮೇಲೆ ಅಂತ ಲೆಕ್ಕ ಹಾಕಿದರೆ ಒಬ್ಬರಿಗೆ ಎಂಟುನೂರು ರೂಪಾಯಿ ದಾಟುತ್ತೆ ಅಲ್ವಾ? ಹಾಗಾದರೆ ಹೀಗೆ ನೋಡಿ. ಹೆಗಲಿಗೆ ಒಂದು ಬ್ಯಾಗು ಹಾಕಿಕೊಂಡು ಒಬ್ಬನೇ ಬರುವ ಹುಡುಗನಿಗೆ ಅದು ದುಬಾರಿಯೇ, ಅವನು ಟ್ಯೂಬಿನಲ್ಲೇ ಬರಲಿ. ಅಪ್ಪ, ಅಮ್ಮ, ಹತ್ತು ವರ್ಷದ ಒಳಗಿನ ಎರಡು ಮಕ್ಕಳು ಬಂದರೆ ಇಬ್ಬರದೇ ದರ, 27.80 ಪೌಂಡ್. ಅಷ್ಟಕ್ಕೆ ನಾಲ್ಕು ಜನ ಬೆವರದೆ ಊರು ಸೇರುತ್ತಾರೆ.

ಒಂದು ಕಡೆ ಮಾತ್ರ ಎಚ್ಚರ. ಹೀಥ್ರೂದಲ್ಲಿ ಎಲಿಜಬೆತ್ ಲೈನ್ ಮತ್ತು ಹೀಥ್ರೂ ಎಕ್ಸ್‌ಪ್ರೆಸ್ ಎರಡೂ ಒಂದೇ ಪ್ಲಾಟ್‌ಫಾರ್ಮಿಗೆ ಬರುತ್ತವೆ. ಎರಡಕ್ಕೂ ಕಾರ್ಡ್ ಮುಟ್ಟಿಸಿದರೆ ನಡೆಯುತ್ತೆ. ಮೊದಲು ಬಂದದ್ದನ್ನು ಹತ್ತಿ, ಅದು ಎಕ್ಸ್‌ಪ್ರೆಸ್ ಆಗಿದ್ದರೆ 13.90ರ ಬದಲು 25 ಪೌಂಡ್ ಹೋಗುತ್ತೆ. ನೇರಳೆ ಗುರುತು ಎಲಿಜಬೆತ್ ಲೈನಿನದು. ಹತ್ತುವ ಮೊದಲು ಬೋರ್ಡ್ ಓದಿ, ನಡುವೆ ಹೇಯ್ಸ್, ಸೌತಾಲ್, ಈಲಿಂಗ್ ಅಂತ ಊರುಗಳ ಹೆಸರಿದ್ದರೆ ಅದೇ ನಿಮ್ಮ ರೈಲು.

ಟರ್ಮಿನಲ್ 5ರಿಂದ ಈ ಲೈನಿನ ರೈಲು ಗಂಟೆಗೆ ಎರಡೇ. ಒಂದು ತಪ್ಪಿದರೆ ಕಾಯುವ ಬದಲು, ಟರ್ಮಿನಲ್ 2-3ಕ್ಕೆ ಹೋಗುವ ಮುಂದಿನ ಯಾವುದೇ ರೈಲು ಹತ್ತಿ ಅಲ್ಲಿ ಇಳಿದು ಬದಲಿಸಿ. ಅಲ್ಲಿ 4ರ ಕಡೆಯಿಂದ ಬರುವವೂ ಸೇರಿ ಜಾಸ್ತಿ ರೈಲು ಸಿಗುತ್ತವೆ.

ಈಸ್ಟ್ ಹ್ಯಾಮ್ ಕಡೆ ದೋಸೆ ಇಡ್ಲಿ ಹೋಟೆಲುಗಳ ನಡುವೆ ಮನೆ ಮಾಡಿಕೊಂಡವರು ವೈಟ್‌ಚಾಪೆಲ್‌ನಲ್ಲಿ ಇಳಿದು ಡಿಸ್ಟ್ರಿಕ್ಟ್ ಲೈನ್ ಟ್ಯೂಬ್ ಹಿಡಿಯಿರಿ. ಇಲ್‌ಫರ್ಡ್‌ನವರಿಗೆ ಕೆಲವು ರೈಲು ನೇರ, ಇಲ್ಲದಿದ್ದರೆ ವೈಟ್‌ಚಾಪೆಲ್‌ನಲ್ಲೇ ಬದಲಿಸಬೇಕು. ಸ್ಲೌ ಕಡೆಯವರು ಊರೊಳಗೆ ಹೋಗಲೇಬೇಡಿ, ಹೇಯ್ಸ್ ಅಂಡ್ ಹಾರ್ಲಿಂಗ್ಟನ್‌ನಲ್ಲಿ ಇಳಿದು ಪಶ್ಚಿಮಕ್ಕೆ ಹೋಗುವ ರೈಲು ಹತ್ತಿ.

ಹೀಥ್ರೂ ಎಕ್ಸ್‌ಪ್ರೆಸ್

1998ರಿಂದ ಇದೆ. ಟರ್ಮಿನಲ್ 2-3ರಿಂದ 15 ನಿಮಿಷ, 5ರಿಂದ 21 ನಿಮಿಷ. 4ರಿಂದ ಇಲ್ಲ, ಅಲ್ಲಿಂದ 2-3ಕ್ಕೆ ಬಂದು ಹತ್ತಬೇಕು. ಆ ಕ್ಷಣಕ್ಕೆ ಟಿಕೆಟ್ ತಗೊಂಡರೆ 25 ಪೌಂಡ್. ಬಹಳ ಮೊದಲೇ ಬುಕ್ ಮಾಡಿದರೆ 10 ಪೌಂಡಿನಿಂದ ಶುರು. 15 ವರ್ಷದವರೆಗಿನ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ.

ಪ್ಯಾಡಿಂಗ್ಟನ್‌ನಲ್ಲೇ ಹೋಟೆಲ್ ಮಾಡಿದವರಿಗೆ, ಅಲ್ಲಿಂದ ಬ್ರಿಸ್ಟಲ್, ಕಾರ್ಡಿಫ್ ರೈಲು ಹಿಡಿಯುವವರಿಗೆ, ಕಂಪನಿ ದುಡ್ಡಿನಲ್ಲಿ ಓಡಾಡುವವರಿಗೆ ಇದು ಚೆನ್ನ. ಹತ್ತು ಪೌಂಡಿನ ಟಿಕೆಟ್ ಸಿಕ್ಕರೆ ಎಲಿಜಬೆತ್ ಲೈನಿಗಿಂತಲೂ ಅಗ್ಗವಾಯಿತಲ್ಲ ಅನ್ನಬಹುದು. ಹೌದು, ಆದರೆ ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತೋ, ಇಮಿಗ್ರೇಷನ್ ಸಾಲು ಎಷ್ಟು ಉದ್ದವೋ ಅಂತ ಚಿಂತೆ ಇದ್ದೇ ಇರುತ್ತೆ. ಜೊತೆಗೆ ಪ್ಯಾಡಿಂಗ್ಟನ್‌ನಿಂದ ಮುಂದಿನ ಖರ್ಚು ಬೇರೆ. ಉಳಿದವರೆಲ್ಲ ನಮ್ಮಪ್ಪನ ಪ್ರಶ್ನೆ ಕೇಳಿಕೊಳ್ಳಿ.

ಬಸ್ಸು ಅಂದರೆ ಮೂಗು ಮುರಿಯಬೇಡಿ

ನಮ್ಮ ಬೆಂಗಳೂರಿನಲ್ಲಿ ಏರ್‌ಪೋರ್ಟಿಗೆ ವಾಯುವಜ್ರ ಬಸ್ಸಿನಲ್ಲಿ ಓಡಾಡಿದವರು ಕೂಡ ಇಲ್ಲಿಗೆ ಬಂದ ಮೇಲೆ ಬಸ್ಸನ್ನು ಲೆಕ್ಕಕ್ಕೇ ಇಡುವುದಿಲ್ಲ. ಲಂಡನ್ ಅಂದರೆ ರೈಲು ಅಂತ ತಲೆಯಲ್ಲಿ ಕೂತಿದೆ. ಆದರೆ ನಮ್ಮ ಜನ ಇರುವುದು ಊರ ನಡುವೆ ಎಷ್ಟು ಜನ ಹೇಳಿ? ಹ್ಯಾರೋ, ಹೌನ್ಸ್‌ಲೋ, ಕ್ರಾಯ್ಡನ್, ರೆಡಿಂಗ್. ರೈಲುಗಳೆಲ್ಲ ಊರ ನಡುವಿಗೆ ಎಳೆದೊಯ್ಯುತ್ತವೆ. ಅಂಚಿನಿಂದ ಅಂಚಿಗೆ ಹೋಗಲು ಬಸ್ಸೇ ಸರಿ.

ಕೆಂಪು ಬಸ್ಸಿನ ದರ 1.75 ಪೌಂಡ್, ದೂರ ಎಷ್ಟಾದರೂ. ಮೊದಲ ಸಲ ಮುಟ್ಟಿಸಿ ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಅದಕ್ಕೆ ದುಡ್ಡಿಲ್ಲ. ಹತ್ತುವಾಗ ಮಾತ್ರ ಕಾರ್ಡ್ ಮುಟ್ಟಿಸಬೇಕು, ಇಳಿಯುವಾಗ ಬೇಡ. ನಗದು ತಗೊಳ್ಳುವುದಿಲ್ಲ, 2014ರಿಂದಲೇ ನಿಂತಿದೆ. ಕಂಡಕ್ಟರ್ ಇಲ್ಲ, ಚಿಲ್ಲರೆ ಜಗಳವೂ ಇಲ್ಲ.

ಸೂಪರ್‌ಲೂಪ್ ಅನ್ನುವ ವೇಗದ ಬಸ್ಸುಗಳಲ್ಲಿ ಎರಡು ನಮಗೆ ಮುಖ್ಯ. ಎಸ್‌ಎಲ್9 ಹ್ಯಾರೋಗೆ ಹೋಗುತ್ತೆ. ಎಸ್‌ಎಲ್7 ಕಿಂಗ್‌ಸ್ಟನ್, ಸಟನ್ ದಾಟಿ ವೆಸ್ಟ್ ಕ್ರಾಯ್ಡನ್ ಸೇರುತ್ತೆ. ಎರಡೂ ಟರ್ಮಿನಲ್ 2 ಮತ್ತು 3ರ ನಡುವಿನ ಸೆಂಟ್ರಲ್ ಬಸ್ ಸ್ಟೇಷನ್‌ನಿಂದ ಸಿಗುತ್ತವೆ. ಹ್ಯಾರೋದಲ್ಲಿ ಇರುವ ಸ್ನೇಹಿತನೊಬ್ಬ ಅತ್ತೆ ಮಾವನನ್ನು ಪ್ರತಿ ಸಲ ಟ್ಯೂಬಿನಲ್ಲಿ ಎರಡು ಕಡೆ ಬದಲಿಸಿ ಕರೆದೊಯ್ಯುತ್ತಿದ್ದ. ಈ ಬಸ್ಸು ತೋರಿಸಿದ ಮೇಲೆ "ಇಷ್ಟು ದಿನ ಯಾಕೋ ಹೇಳಲಿಲ್ಲ" ಅಂತ ನನಗೇ ಬೈದ. ಬಸ್ಸಿನಲ್ಲಿ ಲಗೇಜ್ ಜಾಗ ಕಡಿಮೆ, ರಸ್ತೆ ಜಾಮ್ ಆದರೆ ತಡ ಅನ್ನುವುದು ನಿಜ. ಎರಡು ಸೂಟ್‌ಕೇಸಿನವರೆಗೆ ಪರವಾಗಿಲ್ಲ.

ಹೌನ್ಸ್‌ಲೋದವರಿಗೆ ಪಿಕಡಿಲಿ ಲೈನೇ ಸಾಕು, ಕಾಲು ಗಂಟೆಯ ಮಾತು. ಊರ ನಡುವಿಗೆ ಹೋಗದೆ ಇರುವುದರಿಂದ ದರವೂ ಕಡಿಮೆ.

ಲಂಡನ್ನೇ ಬೇಡ, ಬೇರೆ ಊರಿಗೆ ಹೋಗಬೇಕು ಅನ್ನುವವರು ಸೂಟ್‌ಕೇಸು ಹೊಟ್ಟೆಯೊಳಗೆ ಹಾಕಿಕೊಂಡು ಹೋಗುವ ಕೋಚ್ ಬಸ್ಸುಗಳನ್ನು ನೋಡಿ. ರೆಡಿಂಗ್‌ಗೆ ರೈಲ್‌ಏರ್, ಆಕ್ಸ್‌ಫರ್ಡ್‌ಗೆ ಏರ್‌ಲೈನ್ ಅನ್ನುವ ಬಸ್ಸು, ಕೇಂಬ್ರಿಡ್ಜ್, ಬರ್ಮಿಂಗ್‌ಹ್ಯಾಮ್‌ಗೆ ನ್ಯಾಷನಲ್ ಎಕ್ಸ್‌ಪ್ರೆಸ್. ಬರ್ಮಿಂಗ್‌ಹ್ಯಾಮ್‌ಗೆ ಓದಲು ಬಂದ ಹುಡುಗಿ ಲಂಡನ್ ಒಳಗೆ ಹೋಗಿ, ಸ್ಟೇಷನ್ ಬದಲಿಸಿ, ಮತ್ತೆ ರೈಲು ಹತ್ತುವುದಕ್ಕಿಂತ ಇಲ್ಲೇ ಹತ್ತಿ ಅಲ್ಲೇ ಇಳಿಯುವುದು ಎಷ್ಟೋ ವಾಸಿ. ನಿದ್ದೆಯನ್ನೂ ಮಾಡಬಹುದು.

ಟ್ಯಾಕ್ಸಿ: ಯಾವುದು, ಯಾವಾಗ

ಕಪ್ಪು ಟ್ಯಾಕ್ಸಿ ಪ್ರತಿ ಟರ್ಮಿನಲ್ ಹೊರಗೂ ಸಾಲಾಗಿ ನಿಂತಿರುತ್ತೆ. ಮೀಟರ್ ಪ್ರಕಾರ ದುಡ್ಡು, ಚೌಕಾಸಿ ಇಲ್ಲ. ಎಲ್ಲದರಲ್ಲೂ ಕಾರ್ಡ್ ನಡೆಯುತ್ತೆ. ಸೂಟ್‌ಕೇಸಿಗೆ, ಜನ ಹೆಚ್ಚಾದರೆ ಬೇರೆ ದುಡ್ಡಿಲ್ಲ. ಗಾಲಿಕುರ್ಚಿಯನ್ನು ಹಾಗೇ ಒಳಗೆ ಹತ್ತಿಸಬಹುದು. ಈ ಚಾಲಕರು ಲೈಸೆನ್ಸ್ ಪಡೆಯಲು ಚೇರಿಂಗ್ ಕ್ರಾಸ್ ಸುತ್ತ ಆರು ಮೈಲಿಯ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿರುತ್ತಾರೆ. ದಾರಿ ಹೇಳುವ ಕೆಲಸ ನಿಮಗಿಲ್ಲ. ಆದರೆ ಊರ ನಡುವಿಗೆ 70ರಿಂದ 100 ಪೌಂಡ್ ಸಿದ್ಧವಿಟ್ಟುಕೊಳ್ಳಿ. ಜಾಮಿನಲ್ಲಿ ನಿಂತಾಗಲೂ ಮೀಟರ್ ಓಡುತ್ತೆ.

ಆ್ಯಪ್ ಕ್ಯಾಬ್ ಮತ್ತು ಮೊದಲೇ ಬುಕ್ ಮಾಡುವ ಮಿನಿಕ್ಯಾಬ್ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಗೆ ಸಿಗುತ್ತವೆ. ಅವು ಬಾಗಿಲ ಮುಂದೆ ಬರುವುದಿಲ್ಲ. ಶಾರ್ಟ್ ಸ್ಟೇ ಕಾರ್ ಪಾರ್ಕಿಗೆ ನೀವೇ ಹೋಗಬೇಕು, ಪಾರ್ಕಿಂಗ್ ದುಡ್ಡೂ ಸೇರಬಹುದು. ಸ್ವಂತ ಕಾರಿನಲ್ಲಿ ಕರೆಯಲು ಬರುವ ಮಕ್ಕಳಿಗೂ ಇದೇ ನಿಯಮ. ಟರ್ಮಿನಲ್ ಮುಂದೆ ನಿಲ್ಲಿಸಿ ಹತ್ತಿಸಿಕೊಳ್ಳುವ ಹಾಗಿಲ್ಲ. ಅಲ್ಲಿಗೆ ಬಿಡಲು ಬರುವ ಕಾರಿಗೂ ದುಡ್ಡಿದೆ, 2021ರಿಂದ ಶುರುವಾದದ್ದು. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತೆ, ಆಮೇಲೆ ನೀವೇ ನೆನಪಿಟ್ಟು ಆನ್‌ಲೈನ್‌ನಲ್ಲಿ ಕಟ್ಟಬೇಕು. ಮರೆತರೆ ದಂಡದ ಚೀಟಿ ಮನೆಗೆ ಬರುತ್ತೆ. ನನಗೆ ಒಂದು ಸಲ ಬಂದಿದೆ. ಕಟ್ಟಿದ್ದೇನೆ.

ಆಗಮನದ ಬಾಗಿಲಲ್ಲಿ "ಟ್ಯಾಕ್ಸಿ ಬೇಕಾ?" ಅಂತ ನಗುತ್ತಾ ಬರುವವರು ಇಲ್ಲೂ ಇದ್ದಾರೆ. ಕೆಲವರು ಹಿಂದಿಯಲ್ಲೇ ಮಾತಾಡಿಸುತ್ತಾರೆ, ನಮ್ಮವರು ಕರಗಿಬಿಡುತ್ತಾರೆ. ಬೇಡ ಅನ್ನಿ, ನಡೆಯಿರಿ. ಹೀಗೆ ಗಿರಾಕಿ ಹಿಡಿಯುವುದು ಕಾನೂನಿಗೆ ವಿರುದ್ಧ. ವಿಮೆಯೂ ಇರುವುದಿಲ್ಲ.

ಹಾಗಾದರೆ ಟ್ಯಾಕ್ಸಿಗೆ ಕೊಡುವುದು ದುಡ್ಡು ಹಾಳೇ? ಅಲ್ಲ. ನಾಲ್ಕು ಜನ ದೊಡ್ಡವರು ಎಲಿಜಬೆತ್ ಲೈನಿನಲ್ಲಿ ಬಂದರೆ 55.60 ಪೌಂಡ್. ಇಳಿದ ಮೇಲೆ ಮನೆಗೆ ಇನ್ನೊಂದು ಟ್ಯಾಕ್ಸಿ ಬೇಕಾದರೆ ಅದರ ದುಡ್ಡೂ ಸೇರಿಸಿ. ಅಷ್ಟಾದ ಮೇಲೆ ಬಾಗಿಲಿಂದ ಬಾಗಿಲಿಗೆ ಬರುವ ಮಿನಿಕ್ಯಾಬ್ ಅಷ್ಟೇನೂ ದುಬಾರಿ ಅನ್ನಿಸುವುದಿಲ್ಲ. ಇಬ್ಬರಿದ್ದರೆ ಮಾತ್ರ ರೈಲೇ ಸರಿ.

ವಿಮಾನ ರಾತ್ರಿ ತಡವಾಗಿ ಇಳಿದರೆ

ವಾರದ ದಿನಗಳಲ್ಲಿ ರೈಲುಗಳೆಲ್ಲ ನಡುರಾತ್ರಿ ಹೊತ್ತಿಗೆ ಮುಗಿಯುತ್ತವೆ. ಶುಕ್ರವಾರ, ಶನಿವಾರ ರಾತ್ರಿ ಮಾತ್ರ ಪಿಕಡಿಲಿ ಲೈನ್ ಇಡೀ ರಾತ್ರಿ ಓಡುತ್ತೆ. ಅದೂ ಟರ್ಮಿನಲ್ 5 ಮತ್ತು 2-3ಕ್ಕೆ, 4ಕ್ಕಲ್ಲ. ಬೇರೆ ರಾತ್ರಿಗಳಲ್ಲಿ ಎನ್9 ಬಸ್ಸು ಇದೆ. ಹೌನ್ಸ್‌ಲೋ, ಹ್ಯಾಮರ್‌ಸ್ಮಿತ್ ಮೇಲಿಂದ ಟ್ರಫಾಲ್ಗರ್ ಸ್ಕ್ವೇರ್ ದಾಟಿ ಆಲ್ಡ್‌ವಿಚ್‌ವರೆಗೆ, ಅದೇ 1.75 ಪೌಂಡಿಗೆ. ಒಂದು ಗಂಟೆಯ ಮೇಲೆ ಹಿಡಿಯುತ್ತೆ. ಒಬ್ಬನೇ ಇದ್ದಾಗ ಅದರ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂತು ಖಾಲಿ ಲಂಡನ್ ನೋಡುತ್ತಾ ಬಂದಿದ್ದೇನೆ, ಬಹಳ ಚೆನ್ನಾಗಿತ್ತು. ಹಿರಿಯರ ಜೊತೆ ಇದ್ದರೆ ಈ ಸಾಹಸ ಬೇಡ, ಕ್ಯಾಬ್ ಮಾಡಿ.

ವಾಪಸ್ ಹೋಗುವಾಗ

ಬರುವಾಗ ಯಾವ ರೈಲು ಹತ್ತಿದರೂ ಊರ ಕಡೆಗೇ ಹೋಗುತ್ತೆ. ಹೋಗುವಾಗ ಹಾಗಲ್ಲ. ಪಿಕಡಿಲಿ ಲೈನ್ ಆಕ್ಟನ್ ಟೌನ್‌ನಲ್ಲಿ ಎರಡಾಗಿ ಸೀಳುತ್ತೆ. ಅರ್ಧ ಹೀಥ್ರೂಗೆ, ಅರ್ಧ ಅಕ್ಸ್‌ಬ್ರಿಜ್ ಕಡೆಗೆ. ತಪ್ಪು ರೈಲು ಹತ್ತಿದ್ದು ಗೊತ್ತಾದರೆ ಗಾಬರಿ ಬೇಡ, ಆಕ್ಟನ್ ಟೌನ್‌ನಲ್ಲಿ ಇಳಿದು ಬದಲಿಸಿ. ಆದರೆ ಹೀಥ್ರೂ ರೈಲಿನಲ್ಲೂ ಎರಡು ಜಾತಿ. ಕೆಲವು 4ರ ಕಡೆ ಹೋಗುತ್ತವೆ, ಕೆಲವು 5ಕ್ಕೆ. ಎಲಿಜಬೆತ್ ಲೈನಿನಲ್ಲೂ ಹಾಗೇ. ರೈಲಿನ ಮುಂದಿನ ಬೋರ್ಡಿನಲ್ಲಿ ನಿಮ್ಮ ಟರ್ಮಿನಲ್ ಸಂಖ್ಯೆ ನೋಡಿಯೇ ಹತ್ತಿ.

ಕೊನೆಯ ದಿನ ಸಂಜೆಯ ವಿಮಾನವಾಗಿದ್ದು ಬೆಳಿಗ್ಗೆ ಬಿಡುವಿದ್ದರೆ, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಹೋಗಿ ಬನ್ನಿ. 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಅಲ್ಲಿದೆ, ವಾಕ್ಸ್‌ಹಾಲ್ ನಿಲ್ದಾಣದಿಂದ ನಡೆದು ಹೋಗಬಹುದು. ಅಪ್ಪ ಎರಡನೇ ಸಲ ಬಂದಾಗ ಅಲ್ಲಿಗೆ ಕರೆದೊಯ್ದಿದ್ದೆ. ಅಲ್ಲಿಂದ ಸೀದಾ ಏರ್‌ಪೋರ್ಟಿಗೆ ಹೊರಡುವಾಗ ಪಿಕಡಿಲಿ ಲೈನಾ, ಎಲಿಜಬೆತ್ ಲೈನಾ ಅಂತ ನಾನು ಮೊಬೈಲ್ ನೋಡುತ್ತಾ ನಿಂತಿದ್ದೆ. ಅಪ್ಪ ಸೂಟ್‌ಕೇಸು ಹಿಡಿದು ಲಿಫ್ಟಿನ ಕಡೆ ಹೊರಟೇ ಬಿಟ್ಟಿದ್ದರು. "ಮೆಟ್ಟಿಲಿಲ್ಲದ್ದು ಯಾವುದೋ ಅದು" ಅಂದರು.